ಆಣೆ ಮಾಡದ ನರ್ಸಬಾಯಿ

ನಮ್ಮ ಮಾಳಿಗೆಯ ಮೇಲಿನ ಖೋಲಿಯನ್ನು ಬಾಡಿಗೆಗೆ ಕೇಳಿಕೊಂಡು ನರ್ಸಬಾಯಿ ಬಂದಾಗ ನಾನು ಅವರಿಗೆ ಹೇಳಿದ ಮೊದಲ ಮಾತೇ ಸುಳ್ಳು. ಮಳೆಗಾಲದಲ್ಲಿ ಸೋರುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ಮೊದಲ ದೊಡ್ಡ ಮಳೆಗೇ ಮೂಲೆಯಲ್ಲಿ ನೀರು ತೊಟ್ಟಿಕ್ಕತೊಡಗಿತು. ಅಳುಕುತ್ತಲೇ ಮೇಲೆ ಹೋದರೆ, ಅವರು ಅದರ ಕೆಳಗೊಂದು ಪಾತೇಲಿ ಇಟ್ಟು, ಪಕ್ಕದಲ್ಲಿ ಕುಳಿತು ಹರಿದ ಸೀರೆಯ ಅಂಚು ಹೊಲಿಯುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಸೋರತೈತಿ ಅಂತ ಹೇಳಿದ್ರೂ ನಾ ಬರ್ತಿದ್ದೆರಿ" ಎಂದಷ್ಟೇ ಅಂದರು.

ನಾನು ಬನಹಟ್ಟಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಅವರು ಜಮಖಂಡಿಯಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದವರು. ಮೂಲ ನರ್ಮದಾ ನದಿಯ ಕಡೆಯವರು, ಮನೆಮಾತು ಹಿಂದಿ. ಕನ್ನಡವನ್ನು ದವಾಖಾನೆಯ ರೋಗಿಗಳಿಂದ ಕಲಿತಿದ್ದರು. ಓಣಿಯವರೆಲ್ಲ ನರ್ಸಬಾಯಿ ಎಂದೇ ಕರೆಯುತ್ತಿದ್ದರು.

ಕ್ವೇಕರ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಕ್ರೈಸ್ತರಲ್ಲಿ ಅದೊಂದು ಸಣ್ಣ ಪಂಥ. ತಮ್ಮನ್ನು ತಾವು ಗೆಳೆಯರು ಎಂದು ಕರೆದುಕೊಳ್ಳುತ್ತಾರಂತೆ. ಅವರ ಅಜ್ಜನ ಕಾಲದಿಂದ ಮನೆತನ ಹಾಗೆ ನಡೆದು ಬಂದಿತ್ತು. ಅವರ ಮನೆಯ ಪದ್ಧತಿಯಲ್ಲಿ ಪಾದ್ರಿ ಇಲ್ಲ, ಪೂಜೆ ಇಲ್ಲ. ರವಿವಾರ ಬೆಳಿಗ್ಗೆ ಒಂದು ತಾಸು ಸುಮ್ಮನೆ ಕುಳಿತುಕೊಳ್ಳುವುದು, ಒಳಗಿನಿಂದ ಮಾತು ಬಂದರೆ ಆಡುವುದು, ಬರದಿದ್ದರೆ ಎದ್ದು ಹೋಗುವುದು. ನಮ್ಮೂರಲ್ಲಿ ಅವರ ಜೊತೆ ಕೂಡಲು ಇನ್ನೊಬ್ಬ ಕ್ವೇಕರ್ ಇರಲಿಲ್ಲ. ಆದರೂ ಎರಡು ಕುರ್ಚಿ ಎದುರುಬದುರು ಹಾಕಿಕೊಳ್ಳುತ್ತಿದ್ದರು. ಒಂದು ರವಿವಾರ ಒಣಗಿದ ಬಟ್ಟೆ ತರಲು ಮೇಲೆ ಹೋದವಳು ಖಾಲಿ ಕುರ್ಚಿಯಲ್ಲಿ ಕುಳಿತೆ. ಓಣಿಯ ತುಂಬ ಮಗ್ಗಗಳ ಖಟಖಟ. ಅದರ ನಡುವೆ ಇಬ್ಬರು ಹೆಂಗಸರು ಬಾಯಿ ಮುಚ್ಚಿಕೊಂಡು ಕೂತದ್ದು ನನಗೆ ಮೊದಲು ನಗೆ ತರಿಸಿತು. ಆಮೇಲೆ ಅದೇ ರೂಢಿಯಾಯಿತು.

ಅವರ ಧರ್ಮದ ಬಗ್ಗೆ ಅವರು ಹೇಳಿದ್ದು ಬಹಳ ಕಡಿಮೆ. ನಾನು ಅವರನ್ನು ನೋಡಿ ತಿಳಿದುಕೊಂಡದ್ದೇ ಹೆಚ್ಚು. ಕಸದ ಗಾಡಿಯವನಿಗೂ, ನನ್ನ ಹತ್ತು ವರ್ಷದ ಮಗಳಿಗೂ ಅವರು ‘ರಿ’ ಹಚ್ಚಿ ಮಾತಾಡುತ್ತಿದ್ದರು. ದೊಡ್ಡ ಸಾಹೇಬರು ಬಂದರೂ ಅದಕ್ಕಿಂತ ಹೆಚ್ಚಿನ ಮರ್ಯಾದೆ ಅವರ ಬಳಿ ಇರಲಿಲ್ಲ. ಪ್ರತಿಯೊಬ್ಬರ ಒಳಗೂ ದೇವರ ಬೆಳಕು ಒಂದಿಷ್ಟು ಇರುತ್ತದೆ, ಹಾಗಿರುವಾಗ ಕೈ ಎತ್ತುವುದು ಯಾರ ಮೇಲೆ ಎಂದು ಕೇಳುತ್ತಿದ್ದರು. ಅವರಿಗೆ ಮೂರೇ ಸೀರೆ, ಮೂರೂ ಬಿಳಿ. ಮಾತೂ ಒಂದೇ ಬಗೆಯದು, ಒಳಗೊಂದು ಹೊರಗೊಂದು ಇಲ್ಲ. ಯಾರಾದರೂ ಬಾಗಿಲಿಗೆ ಬಂದಾಗ "ಇಲ್ಲ ಅಂತ ಹೇಳ್ರಿ" ಎಂದು ನಾನು ಒಳಗಿನಿಂದ ಸನ್ನೆ ಮಾಡಿದರೆ, "ಒಳಗ ಅದಾರ, ಈಗ ಭೆಟ್ಟಿ ಆಗೂದಿಲ್ಲಂತ" ಎಂದುಬಿಡುತ್ತಿದ್ದರು. ನನಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು.

ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಅವರು ಆಣೆ ಮಾಡುವುದಿಲ್ಲ ಎಂಬುದು. ನಮ್ಮದು ಬೀರಪ್ಪನ ಒಕ್ಕಲು; ನನ್ನಪ್ಪ ಕುರಿ ಕಾಯ್ದವನು. ನಮ್ಮಲ್ಲಿ ಎಂಥ ಜಗಳವಿದ್ದರೂ ದೇವರ ಭಂಡಾರ, ಅಂದರೆ ಗುಡಿಯ ಅರಿಷಿಣಪುಡಿ, ಮುಟ್ಟಿ ಹೇಳಿದರೆ ಮುಗಿಯಿತು. ಸುಳ್ಳಾಣೆ ಮಾಡಿದವನ ಮನೆ ಹಾಳಾಗುತ್ತದೆಂದು ಕೇಳುತ್ತಲೇ ಬೆಳೆದವಳು ನಾನು. ಅದನ್ನು ಹೇಳಿದಾಗ ಅವರು, ಆಣೆ ಮಾಡಿದ ಮಾತು ಖರೆ ಅಂದರೆ ಆಣೆ ಇಲ್ಲದೆ ಆಡಿದ ಮಾತು ಏನಾಗುತ್ತದೆ ಎಂದು ಕೇಳಿದ್ದರು.

ಆ ವರ್ಷ ಮಕ್ಕಳ ಕಳ್ಳರ ಸುದ್ದಿ ಹಬ್ಬಿತು. ಹಿಂದಿ ಮಾತಾಡುವ ಮಂದಿ ಊರೂರಿಗೆ ಇಳಿದಿದ್ದಾರೆ, ಬಿಸ್ಕೀಟು ಕೊಟ್ಟು ಮಕ್ಕಳನ್ನು ಒಯ್ಯುತ್ತಾರೆ ಎಂದು ಫೋನಿಂದ ಫೋನಿಗೆ ವಿಡಿಯೋ ಹರಿದಾಡಿದವು. ಶಾಲೆಯ ಗೇಟಿನಲ್ಲಿ ತಾಯಂದಿರು ಗಂಟೆಗಟ್ಟಲೆ ನಿಲ್ಲತೊಡಗಿದರು. ಒಂದು ವಿಡಿಯೋದಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ಮಗುವಿನ ಕೈ ಹಿಡಿದು ಹೋಗುತ್ತಿದ್ದಳು, ಅಷ್ಟೇ. ಅದನ್ನು ನಾನೂ ತಾಯಂದಿರ ಗುಂಪಿಗೆ ಕಳಿಸಿದೆ. ನರ್ಸಬಾಯಿಗೂ ತೋರಿಸಿದೆ. ಇದು ಖರೆ ಅಂತ ಹೇಗೆ ಗೊತ್ತಾಯಿತೆಂದು ಅವರು ಕೇಳಿದರು. ಎಲ್ಲರೂ ಕಳಿಸುತ್ತಿದ್ದಾರಲ್ಲ, ಹುಷಾರಾಗಿರುವುದು ಛಲೋ ಅಲ್ಲವೇ ಎಂದೆ.

ಅದೇ ವಾರದ ಶನಿವಾರ ನಾವಿಬ್ಬರೂ ಬೀಳಗಿಗೆ ಹೋದೆವು. ಅಲ್ಲಿ ನನ್ನ ಅಕ್ಕ ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಿದ್ದಳು. ಬೆನ್ನಿಗೆ ಹುಣ್ಣಾಗದಂತೆ ಅವಳನ್ನು ಹೊರಳಿಸುವುದು ಹೇಗೆಂದು ಮನೆಯವರಿಗೆ ಕಲಿಸಲು ನರ್ಸಬಾಯಿ ತಾವಾಗಿಯೇ ಬಂದಿದ್ದರು. ತಿರುಗಿ ಬರುವಾಗ ಜಮಖಂಡಿಯ ಬಸ್ಸು ದಾರಿಯ ಒಂದು ಹಳ್ಳಿಯಲ್ಲಿ ಕೆಟ್ಟು ನಿಂತಿತು. ಉಳಿದವರು ಸಿಕ್ಕ ಟಂಟಂ ರಿಕ್ಷಾ ಹತ್ತಿ ಹೋದರು. ಮಂಡಿನೋವಿನ ನರ್ಸಬಾಯಿಗೆ ಆ ಗದ್ದಲದಲ್ಲಿ ಹತ್ತಲಾಗಲಿಲ್ಲ. ಮುಂದಿನ ಬಸ್ಸಿಗೆ ಕಾಯುತ್ತ ಊರ ಮುಂದಿನ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತೆವು. ಮೂರು ಗಂಟೆಯ ಬಿಸಿಲು. ಹೆಂಗಸರೆಲ್ಲ ಹೊಲಕ್ಕೆ ಹೋಗಿದ್ದರು. ನನಗೆ ಶೌಚಕ್ಕೆ ಹೋಗಬೇಕಾಗಿತ್ತು. ಯಾವುದಾದರೂ ಮನೆಯಲ್ಲಿ ಕೇಳಿಕೊಂಡು ಬರುತ್ತೇನೆಂದು ಅವರನ್ನು ಅಲ್ಲಿ ಬಿಟ್ಟು ಓಣಿಯೊಳಗೆ ಹೋದೆ.

ಹೆಚ್ಚೆಂದರೆ ಇಪ್ಪತ್ತು ನಿಮಿಷ ಆಗಿರಬೇಕು. ತಿರುಗಿ ಬರುವಾಗ ಮೊದಲು ಕೇಳಿಸಿದ್ದು ಗಂಡಸರ ದನಿ. ಓಣಿಯ ತಿರುವು ದಾಟಿದೆ. ಕಟ್ಟೆಯ ಸುತ್ತ ಮೂವತ್ತು ನಲವತ್ತು ಜನ ನಿಂತಿದ್ದರು. ನಡುವೆ ಬಿಳಿ ಸೀರೆ ಕಂಡಿತು. ನನ್ನ ಕಾಲು ಅಲ್ಲಿಯೇ ನಿಂತುಬಿಟ್ಟವು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು ಅವರನ್ನು ಬಿಡಿಸಬೇಕು ಎಂದಲ್ಲ. ನಾನು ಇವರ ಜೊತೆಯವಳೆಂದು ಇನ್ನೂ ಯಾರಿಗೂ ಗೊತ್ತಿಲ್ಲ ಎಂಬುದು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ ಕೂಡ.

ಆಗಲೇ ಅವರು ನನ್ನನ್ನು ನೋಡಿದರು. ಕರೆಯಲಿಲ್ಲ. ನೋಡಿ, ಕಣ್ಣನ್ನು ಬೇರೆ ಕಡೆ ತಿರುಗಿಸಿದರು. ನನ್ನನ್ನು ಬಿಟ್ಟುಕೊಡಬಾರದೆಂದು ಹಾಗೆ ಮಾಡಿದರೆಂದು ತಿಳಿದು ನನಗೆ ತಡೆಯಲಾಗಲಿಲ್ಲ. ಜನರನ್ನು ಸರಿಸುತ್ತ ಒಳಗೆ ನುಗ್ಗಿದೆ.

ನಡೆದದ್ದು ಇಷ್ಟು. ಐದಾರು ವರ್ಷದ ಹುಡುಗಿಯೊಬ್ಬಳು ಕಾಲಿಗೆ ಗಾಜು ಚುಚ್ಚಿಕೊಂಡು ಅಳುತ್ತ ಕಟ್ಟೆಯ ಬಳಿ ಬಂದಿದ್ದಳು. ನರ್ಸಬಾಯಿ ಅವಳನ್ನು ಕೈಹಿಡಿದು ನಳದ ಹತ್ತಿರ ಕರೆದೊಯ್ದು, ಗಾಯ ತೊಳೆದು, ತಮ್ಮ ಚೀಲದ ಪಟ್ಟಿ ಕಟ್ಟಿ, ಅಳು ನಿಲ್ಲಿಸಲು ಹಿಂದಿಯಲ್ಲಿ ರಮಿಸುತ್ತ ಬಿಸ್ಕೀಟು ಕೊಟ್ಟಿದ್ದರು. ಕೈಹಿಡಿದು ಹೋಗುವುದನ್ನು ಒಬ್ಬ ಕಂಡಿದ್ದ. ಹುಡುಗಿಯನ್ನು ಯಾರೋ ಎತ್ತಿಕೊಂಡು ಮನೆಗೆ ಓಡಿದ್ದರು. ಆ ಮನುಷ್ಯ, ಮೂವತ್ತರ ಪ್ರಾಯದವನು, ಈಗ ಎಲ್ಲರಿಗೂ ಫೋನು ತೋರಿಸುತ್ತಿದ್ದ. ನಾನು ಬಗ್ಗಿ ನೋಡಿದೆ. ನಾನೇ ಕಳಿಸಿದ್ದ ಬಿಳಿ ಸೀರೆಯ ವಿಡಿಯೋ.

"ಈಕಿ ನಮ್ಮ ಚಿಗವ್ವರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬೀಳಗಿಗೆ ನಮ್ಮ ಅಕ್ಕನ ನೋಡಾಕ ಹೋಗಿದ್ದಿವಿ. ಬಸ್ಸ್ ಕೆಟ್ಟೈತಿ."

ನಿಮ್ಮ ಚಿಕ್ಕಮ್ಮ ಹಿಂದಿ ಯಾಕೆ ಮಾತಾಡುತ್ತಾಳೆ ಎಂದು ಒಬ್ಬ ಕೇಳಿದ. ಸೊಲ್ಲಾಪುರಕ್ಕೆ ಕೊಟ್ಟಿತ್ತು ಎಂದೆ. ಸುಳ್ಳಿನ ಮೇಲೆ ಸುಳ್ಳು ತಾನಾಗಿ ಬರುತ್ತಿತ್ತು. ಯಾವ ಮಂದಿ, ಯಾವ ದೇವರ ಒಕ್ಕಲು ಎಂದು ಇನ್ನೊಬ್ಬ ಕೇಳಿದ. ಬೀರಪ್ಪನ ಒಕ್ಕಲು ಎಂದೆ. ಅದು ನನ್ನ ಮಟ್ಟಿಗೆ ನಿಜವೇ. ಆ ಮಾತಿಗೆ ಗುಂಪು ಒಂಚೂರು ಸಡಿಲಾಯಿತು. ಬಚಾವಾದೆವು ಅಂದುಕೊಂಡೆ.

ಅಷ್ಟರಲ್ಲಿ ಗುಡಿಯೊಳಗಿನಿಂದ ಪೂಜಾರಿ ಬಂದ. ಕಂಬಳಿ ಹೊದ್ದ, ಹಣೆತುಂಬ ಅರಿಷಿಣ ಬಳಿದುಕೊಂಡ ಮುದುಕ. ಅವನ ಅಂಗೈಯಲ್ಲಿ ಭಂಡಾರವಿತ್ತು.

"ಬೀರಪ್ಪನ ಒಕ್ಕಲ ಆದ್ರ ಭಾಳ ಮಾತು ಯಾಕ?" ಎಂದ. "ಈಕಿ ನಿಮ್ಮ ಚಿಗವ್ವ ಅಂತ ಇದನ್ನ ಮುಟ್ಟಿ ಹೇಳವ್ವ. ನಿಮ್ಮನ್ನ ನಾನ ಬಸ್ಸ್ ಹತ್ತಿಸ್ತೇನಿ."

ಆ ಅರಿಷಿಣವನ್ನು ನೋಡುತ್ತ ನಿಂತೆ. ನನ್ನ ಅಪ್ಪ ಕಣ್ಣ ಮುಂದೆ ಬಂದ, ಮಗಳು ಬಂದಳು. ಮುಟ್ಟಿದರೆ ಮನೆ ಹಾಳು, ಮುಟ್ಟದಿದ್ದರೆ ಇಲ್ಲಿಯೇ ಜೀವ ಹೋಗುತ್ತದೆ ಎಂಬ ಎರಡು ಅಂಜಿಕೆಗಳ ನಡುವೆ ನನ್ನ ಕೈ ತಾನೇ ಮುಂದಕ್ಕೆ ಹೋಯಿತು. ಬೆರಳು ಗಡಗಡ ನಡುಗುತ್ತಿದ್ದವು.

ನರ್ಸಬಾಯಿ ನನ್ನ ಮಣಿಕಟ್ಟು ಹಿಡಿದರು.

"ಬ್ಯಾಡ್ರಿ" ಎಂದರು. ಆಮೇಲೆ ಪೂಜಾರಿಯ ಕಡೆ ತಿರುಗಿ, "ನಾ ಅವರ ಚಿಗವ್ವ ಅಲ್ಲರಿ. ಅವರ ಮನ್ಯಾಗ ಬಾಡಿಗಿ ಅದೇನಿ. ನನ್ನ ಉಳಸಾಕ ಅವರು ಸುಳ್ಳ ಹೇಳ್ಯಾರ."

ಒಮ್ಮೆಲೇ ಎಲ್ಲರೂ ಬಾಯಿ ಮಾಡಿದರು. ಇಬ್ಬರೂ ಕೂಡಿಯೇ ಬಂದಿದ್ದಾರೆ, ಇಬ್ಬರನ್ನೂ ಕಟ್ಟಿಹಾಕಿ ಎಂದರು. ಯಾರೋ ನನ್ನ ಹೆರಳು ಹಿಡಿದು ಎಳೆದರು. ಫೋನು ಹಿಡಿದಿದ್ದ ಆ ಮನುಷ್ಯ ಮುಂದೆ ಬಂದು ನರ್ಸಬಾಯಿಯ ಎಡಗೆನ್ನೆಗೆ ಬಿಗಿದ. ಅವರ ಕನ್ನಡಕ ಹಾರಿಬಿತ್ತು, ಅವರು ಕಟ್ಟೆಗೆ ಆತು ಕುಸಿದು ಕುಳಿತರು. ಅವರು ಕೈ ಅಡ್ಡ ಕೂಡ ಹಿಡಿಯಲಿಲ್ಲ. ನಾನು ಮಾತ್ರ ಕಿರುಚುತ್ತಿದ್ದೆ. ಏನೆಂದು ಕಿರುಚಿದೆನೋ ಈಗಲೂ ನೆನಪಿಲ್ಲ. ಒಬ್ಬನ ಕೈಯಲ್ಲಿ ಕಲ್ಲು ಇದ್ದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಚಪ್ಪಟೆ ಕಲ್ಲು, ಅದಕ್ಕೆ ಹಸಿ ಮಣ್ಣು ಮೆತ್ತಿತ್ತು.

ಪೂಜಾರಿ ಕೋಲು ಅಡ್ಡ ಹಿಡಿದ. ಅವನಿಗೆ ನಮ್ಮ ಮೇಲೆ ಕನಿಕರವೇನೂ ಬಂದಿರಲಿಲ್ಲ. ಅವನ ಮುಖದಲ್ಲಿದ್ದದ್ದು ಗೊಂದಲ. ಭಂಡಾರದ ಅಂಗೈಯನ್ನು ನರ್ಸಬಾಯಿಯ ಮುಂದೆ ಹಿಡಿದು, ಹಾಗಾದರೆ ನೀನೇ ಮುಟ್ಟಿ ಹೇಳು, ಹುಡುಗಿಯನ್ನು ಒಯ್ಯಲು ಬಂದಿರಲಿಲ್ಲ ಅಂತ ಹೇಳು ಎಂದ. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಮುಟ್ಟಿಬಿಡ್ರಿ, ಇದು ನಿಜವೇ ಅಲ್ಲವೇ, ಮುಟ್ಟಿದರೆ ಏನು ಹೋಗುತ್ತದೆ.

"ನಾ ಆಣಿ ಮಾಡೂದಿಲ್ಲರಿ" ಎಂದರು ನರ್ಸಬಾಯಿ. ಕೆನ್ನೆಯ ಮೇಲೆ ಐದು ಬೆರಳು ಎದ್ದು ಕಾಣುತ್ತಿದ್ದವು. "ನಿಮ್ಮ ದೇವರು ಸಣ್ಣಾವ ಅಂತ ಅಲ್ಲರಿ. ನಮ್ಮ ದೇವರ ಮ್ಯಾಲೂ ಮಾಡೂದಿಲ್ಲ. ಸುಮ್ನ ಕೇಳ್ರಿ, ಹೇಳ್ತೇನಿ."

"ಹಂಗಾರ ಹೇಳು" ಎಂದ ಮುದುಕ.

ಅವರು ಹೇಳಿದರು. ದನಿ ನಡುಗುತ್ತಿತ್ತು, ಮಾತು ತಡೆತಡೆದು ಬರುತ್ತಿತ್ತು. ಯಾವ ಊರು, ಯಾವ ಕೆಲಸ, ಬೀಳಗಿಗೆ ಯಾಕೆ ಬಂದದ್ದು ಎಲ್ಲ ಹೇಳಿದರು. ಹುಡುಗಿಯನ್ನು ತಾವೇ ಕರೆದದ್ದು, ಕೈಹಿಡಿದದ್ದು, ಬಿಸ್ಕೀಟು ಕೊಟ್ಟದ್ದು ನಿಜ ಎಂದರು. ಅವಳ ಮನೆಯವರನ್ನು ಕೇಳದೆ ಮುಟ್ಟಿದ್ದು ತಪ್ಪು, ಇಂಥ ದಿನಗಳಲ್ಲಿ ಕೇಳಬೇಕಾಗಿತ್ತು ಎಂದರು. ತಮ್ಮ ವಿರುದ್ಧ ಇದ್ದದ್ದನ್ನೂ ಒಂದೂ ಬಿಡದೆ ಹೇಳುತ್ತಿದ್ದರು. ಆದರೆ ಗುಂಪು ಕೇಳುತ್ತಿತ್ತು. ಮುದುಕ ಅವರ ಬಾಯನ್ನೇ ನೋಡುತ್ತ ನಿಂತಿದ್ದ. ಮಾತು ಮುಗಿದ ಮೇಲೆ ಭಂಡಾರವನ್ನು ತನ್ನ ಹಣೆಗೇ ಹಚ್ಚಿಕೊಂಡು, ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತುಬಿಟ್ಟ.

"ಇದನ್ನ ಮುಟ್ಟಿ ಸುಳ್ಳ ಹೇಳಿದವರನ್ನ ಭಾಳ ಮಂದಿ ನೋಡೇನಿ" ಎಂದ, ಯಾರಿಗೆಂದಲ್ಲ. "ಕಳ್ಳಿ ಆಗಿದ್ರ ಮೊದಲ ಮುಟ್ಟತಿದ್ಳು."

ಎಲ್ಲರೂ ಅದನ್ನು ಒಪ್ಪಲಿಲ್ಲ. ಕಲ್ಲು ಹಿಡಿದವನು ಕಲ್ಲು ಹಿಡಿದೇ ಇದ್ದ. ಆದರೆ ಮುದುಕ ಪಕ್ಕದಲ್ಲಿ ಕುಳಿತಿರುವವರೆಗೆ ಎಸೆಯುವಂತಿರಲಿಲ್ಲ. ಒಂದಷ್ಟು ಹೊತ್ತಿಗೆ ಹುಡುಗಿಯ ಅಜ್ಜಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಕಾಲಿನ ಪಟ್ಟಿ ಎಲ್ಲರಿಗೂ ಕಂಡಿತು. ಯಾರು ಫೋನು ಮಾಡಿದ್ದರೋ, ಅರ್ಧ ತಾಸಿನ ಮೇಲೆ ಪೊಲೀಸ್ ಜೀಪು ಬಂತು. ಆ ಅರ್ಧ ತಾಸು ನಾನು ನರ್ಸಬಾಯಿಯ ಸೆರಗು ಹಿಡಿದುಕೊಂಡು ಕುಳಿತಿದ್ದೆ, ಸಣ್ಣ ಕೂಸಿನ ಹಾಗೆ.

ಮನೆಗೆ ಬಂದ ಮೇಲೆ ನನಗೆ ಅವರ ಮೇಲೆ ಸಿಟ್ಟು ಬಂತು. ಎರಡು ದಿನ ಮೇಲೆ ಹೋಗಲಿಲ್ಲ. ಮೂರನೆಯ ದಿನ ಹೋಗಿ ಆ ಖಾಲಿ ಕುರ್ಚಿಯಲ್ಲಿ ಕುಳಿತರೂ ಕಣ್ಣು ಮುಚ್ಚಲಾಗಲಿಲ್ಲ. ಮುಚ್ಚಿದರೆ ಆ ಚಪ್ಪಟೆ ಕಲ್ಲು. ಒಂದು ಮಾತು ಆಡದೆ ಸುಮ್ಮನಿದ್ದಿದ್ದರೆ ಬಸ್ಸು ಹತ್ತಿ ಬರುತ್ತಿದ್ದೆವು, ನಿಮ್ಮ ಖರೆತನಕ್ಕೆ ನನ್ನ ಮಗಳು ತಬ್ಬಲಿಯಾಗಬೇಕಿತ್ತೇ ಎಂದು ಕೇಳಿಯೇಬಿಟ್ಟೆ. ಅವರು ತಮ್ಮ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ನಿಮ್ಮ ಜೀವಾನೂ ಅದರಾಗ ಇತ್ತು. ಅದು ನನ್ನ ಲಕ್ಷ್ಯಕ್ಕ ಬರಲಿಲ್ಲರಿ" ಎಂದರು. "ನಿಮ್ಮ ಕೈ ನಡುಗೂದು ಕಂಡ್ತು. ಅದನ್ನ ಮುಟ್ಟಿದ್ರ ನೀವು ಜೀವನ ಪೂರ್ತಿ ಅಂಜತೀರಿ ಅಂತ ಅನ್ನಿಸ್ತು. ಮಾಡಿದ್ದು ಬರೋಬ್ಬರಿ ಇತ್ತೋ ಇಲ್ಲೋ, ನನಗೂ ಗೊತ್ತಿಲ್ಲ."

ಅವರಿಗೂ ಅಂಜಿಕೆಯಾಗಿತ್ತೇ ಎಂದೆ. ಆಗಿತ್ತು, ಇನ್ನೂ ಇದೆ, ನಿದ್ದೆ ಬರುವುದಿಲ್ಲ ಎಂದರು. ಕ್ವೇಕರ್ ಎಂದರೇ ನಡುಗುವವರು ಎಂದು ಅರ್ಥವಂತೆ. ಬೇರೆಯವರು ಹೀಯಾಳಿಸಲು ಇಟ್ಟ ಹೆಸರನ್ನೇ ಇವರು ಇಟ್ಟುಕೊಂಡರಂತೆ. ಅದನ್ನು ಹೇಳಿ ನಗಲು ನೋಡಿದರು. ಕೆನ್ನೆ ನೋಯುತ್ತಿತ್ತು, ಆಗಲಿಲ್ಲ.

ಮುಂದಿನ ವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನರ್ಸಬಾಯಿಗೆ ಹೊಡೆದಿದ್ದ ಆ ಮನುಷ್ಯ. ಜೊತೆಗೆ ಹೆಂಡತಿ, ಕೈಚೀಲದಲ್ಲಿ ನಿಂಬೆಹಣ್ಣು. ನನ್ನ ಯಜಮಾನರು ಮನೆಯಲ್ಲಿರಲಿಲ್ಲ. ಬಾಗಿಲನ್ನು ಅರ್ಧ ಮುಚ್ಚಿದೆ. ಮೆಟ್ಟಿಲ ಮೇಲಿನಿಂದ ನರ್ಸಬಾಯಿ ನೋಡಿ, ಒಳಗೆ ಬರ್ರಿ, ಕುಂದರ್ರಿ ಎಂದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುವಾಗ ಅರ್ಧ ಹೊರಗೆ ಚೆಲ್ಲಿದೆ.

ಅವನು ಟ್ರ್ಯಾಕ್ಟರ್ ಡ್ರೈವರ್. ಅವನು ಹೊಡೆದದ್ದನ್ನೂ ಯಾರೋ ವಿಡಿಯೋ ಮಾಡಿ ಹಬ್ಬಿಸಿದ್ದರು, ಪೊಲೀಸರು ಅವನನ್ನು ಎರಡು ಸಲ ಕರೆಸಿದ್ದರು. ನಮ್ಮನ್ನೂ ಹೇಳಿಕೆಗೆ ಕರೆದಿದ್ದರು. ಹೊಡೆದವನು ಇವನಲ್ಲ, ಗುರುತು ಸಿಗುತ್ತಿಲ್ಲ ಎಂದು ಹೇಳಿಬಿಡಿ ಎಂದು ಬೇಡಿಕೊಳ್ಳಲು ಬಂದಿದ್ದ. ಹೆಂಡತಿ ಅಳುತ್ತಿದ್ದಳು.

"ಹೊಡದದ್ದು ನೀವ ಅಂತ ಹೇಳ್ತೇನ್ರಿ" ಎಂದರು ನರ್ಸಬಾಯಿ. "ನೀವು ಮನಿಗೆ ಬಂದದ್ದೂ ಹೇಳ್ತೇನಿ. ನಿಮಗ ಶಿಕ್ಷಾ ಆಗೂದು ನನಗ ಬ್ಯಾಡ ಅಂತನೂ ಹೇಳ್ತೇನಿ. ಸುಳ್ಳ ಅಷ್ಟ ಬ್ಯಾಡ."

ಅವನ ಮುಖ ಬಿಗಿಯಿತು. ಚಹಾ ಮುಟ್ಟದೆ ಎದ್ದ. ಹೊಸ್ತಿಲಲ್ಲಿ ನಿಂತು, "ನಿಮ್ಮ ಮನಿ ನೋಡಿದಂಗಾತು" ಎಂದು ಹೋದ. ಅದು ಬೆದರಿಕೆಯೋ, ಸುಮ್ಮನೆ ಆಡಿದ ಮಾತೋ ತಿಳಿಯಲಿಲ್ಲ. ಮರುದಿನದಿಂದ ಮಗಳನ್ನು ಶಾಲೆಗೆ ನಾನೇ ಕರೆದೊಯ್ದು ಕರೆತರತೊಡಗಿದೆ. ಅವರನ್ನು ಖೋಲಿ ಬಿಡಿಸೋಣವೆಂದು ಯಜಮಾನರು ಅಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಠಾಣೆಯಲ್ಲಿ ನರ್ಸಬಾಯಿ ಹೇಳಿದಂತೆಯೇ ಹೇಳಿದರು. ನನ್ನ ಸರದಿ ಬಂದಾಗ, ಚಿಗವ್ವ ಎಂದು ನಾನು ಸುಳ್ಳು ಹೇಳಿದ್ದನ್ನೂ, ಅದೇ ವಿಡಿಯೋವನ್ನು ಆ ವಾರ ನಾನೂ ಕಳಿಸಿದ್ದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಸಾಹೇಬರು ತಲೆ ಎತ್ತಿ, ನೀವು ಶಿಕ್ಷಕಿ ಅಲ್ಲವೇ ಎಂದರು. ಹೌದೆಂದೆ. ಅದಕ್ಕಿಂತ ದೊಡ್ಡ ಪೆಟ್ಟು ಆ ಕಟ್ಟೆಯ ಬಳಿಯೂ ಬಿದ್ದಿರಲಿಲ್ಲ. ಮರುದಿನ ತಾಯಂದಿರ ಗುಂಪಿಗೂ ಅದನ್ನೇ ಬರೆದೆ. ಕೆಲವರು ನನ್ನೊಂದಿಗೆ ಮಾತು ಬಿಟ್ಟರು. ಆ ಮನುಷ್ಯನಿಂದ ಮುಚ್ಚಳಿಕೆ ಬರೆಸಿಕೊಂಡು ಪೊಲೀಸರು ಬಿಟ್ಟುಕಳಿಸಿದರು. ನರ್ಸಬಾಯಿ ಮೇಲಿನ ಖೋಲಿಯಲ್ಲೇ ಉಳಿದರು.

ಏಳೆಂಟು ತಿಂಗಳ ಮೇಲೆ ಒಂದು ದಿನ ಜಮಖಂಡಿಯ ಬಸ್ ನಿಲ್ದಾಣದಲ್ಲಿ ಆ ಡ್ರೈವರನನ್ನು ಕಂಡೆ. ಕಂಬದ ಹಿಂದೆ ಸರಿದೆ, ಆದರೆ ಅವನು ಆಗಲೇ ನೋಡಿದ್ದ. ನೇರ ನನ್ನ ಕಡೆಗೇ ನಡೆದು ಬಂದ. ಓಡಲು ಜಾಗವಿರಲಿಲ್ಲ. ನಾಲ್ಕು ಮಾರು ದೂರದಲ್ಲಿ ನಿಂತ. ಅವನೂ ಅಂಜಿದ್ದನೆಂದು ಆಗ ತಿಳಿಯಿತು. ಕೈಯಲ್ಲಿದ್ದ ಟಿಕೇಟನ್ನು ಮಡಚಿ ಮಡಚಿ ಗೋಲಿ ಮಾಡುತ್ತಿದ್ದ.

"ಬಾಯಾರು ಹೆಂಗ ಅದಾರ್ರಿ, ಅಕ್ಕೋರ?" ಎಂದ.

ಆರಾಮ ಅದಾರ ಎಂದುಬಿಟ್ಟರೆ ಅವನು ಹೋಗುತ್ತಿದ್ದ. ನಾನೂ ಬದುಕುತ್ತಿದ್ದೆ.

"ಎಡಗಿವಿ ಕೇಳಸೂದಿಲ್ಲ" ಎಂದೆ. "ಅವತ್ತಿನಿಂದ."

ಅವನು ತಲೆ ತಗ್ಗಿಸಿ ನಿಂತ. ಬನಹಟ್ಟಿಯ ಬಸ್ಸು ಬಂದು, ಜನ ನಮ್ಮಿಬ್ಬರ ನಡುವೆ ನುಗ್ಗಿದರು. ನಾನು ಹತ್ತಿ ಕಿಟಕಿಯ ಬಳಿ ಕುಳಿತು ನೋಡಿದಾಗಲೂ ಅವನು ಅಲ್ಲಿಯೇ ಇದ್ದ.